ಡ್ರೈವ್ ಕೆಟ್ಟಿರಲಿಲ್ಲ, ಹೆಸರು ಬದಲಾಗಿತ್ತು!

“ಪುಟ್ಟೀ, ನಿನ್ನ ಪೆಂಗ್ವಿನ್ ನನ್ನ ಸಿ.ಡಿ. ಡ್ರೈವನ್ನ ನುಂಗಿಬಿಡ್ತು ಕಣೇ!”

ಬುಧವಾರ ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಚಿಕ್ಕಪ್ಪನ ಫೋನ್ ಬಂತು. ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಫೋಟೊ ಸ್ಟುಡಿಯೊ ಇದೆ. ದೀಪಾವಳಿ ಮುಗಿದು ಮದುವೆ ಸೀಸನ್ ಶುರುವಾಯಿತೆಂದರೆ ಅವರಿಗೆ ಊಟ ಮಾಡಲೂ ಪುರುಸೊತ್ತಿರುವುದಿಲ್ಲ. ಅಂಥ ಸಮಯದಲ್ಲಿ ಫೋನ್ ಮಾಡಿದ್ದಾರೆ ಎಂದರೆ ವಿಷಯ ಗಂಭೀರವೇ.

ಪೆಂಗ್ವಿನ್ ಅಂದರೆ ಲಿನಕ್ಸ್. ಅದನ್ನು ಆ ಸ್ಟುಡಿಯೊಗೆ ತಂದವಳು ನಾನೇ. ಅಲ್ಲಿ ಎರಡು ಕಂಪ್ಯೂಟರ್ ಇವೆ. ಹೊಸದರಲ್ಲಿ ಆಲ್ಬಂ ಡಿಸೈನ್ ನಡೆಯುತ್ತದೆ. ಇನ್ನೊಂದು ಹಳೇ ಪೆಂಟಿಯಂ-4. ಗಿರಾಕಿಗಳು ತರುವ ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಿಂದ ಫೋಟೊ ಇಳಿಸಿಕೊಳ್ಳುವುದು, ಕೊನೆಗೆ ಸಿ.ಡಿ. ಬರೆದುಕೊಡುವುದು ಇದರ ಕೆಲಸ. ಊರಿನ ಪೆನ್‌ಡ್ರೈವ್‌ಗಳ ಕಥೆ ನಿಮಗೆ ಗೊತ್ತೇ ಇದೆ. ಒಂದನ್ನು ಚುಚ್ಚಿದರೆ ನಾಲ್ಕು ವೈರಸ್ ಉಚಿತ. ತಿಂಗಳಿಗೊಮ್ಮೆ ಆ ಕಂಪ್ಯೂಟರಿಗೆ ಫಾರ್ಮ್ಯಾಟ್ ಭಾಗ್ಯ. ಬೇಸಿಗೆ ರಜೆಯಲ್ಲಿ ಹೋದಾಗ ನಾನು ದೊಡ್ಡ ಮನಸ್ಸು ಮಾಡಿ, “ಚಿಕ್ಕಪ್ಪ, ಲಿನಕ್ಸ್ ಹಾಕಿಬಿಡ್ತೀನಿ, ವೈರಸ್ಸಿನ ಕಾಟವೇ ಇರಲ್ಲ” ಅಂದೆ. ಅವರಿಗೆ ಕಷ್ಟವಾಗಬಾರದು ಎಂದು ಪರದೆಯ ಮೇಲೆ ಒಂದು ದೊಡ್ಡ ಚಿಹ್ನೆಯನ್ನೂ ಇಟ್ಟೆ. ಅದರ ಮೇಲೆ ಕ್ಲಿಕ್ ಮಾಡಿದರೆ ನಾನೇ ಬರೆದ ನಾಲ್ಕು ಸಾಲಿನ ಸ್ಕ್ರಿಪ್ಟ್ ಓಡಿ, ಆ ದಿನದ ಫೋಲ್ಡರಿನಲ್ಲಿರುವ ಫೋಟೊಗಳೆಲ್ಲ ಸಿ.ಡಿ.ಗೆ ಇಳಿಯುತ್ತಿದ್ದವು. ಐದಾರು ತಿಂಗಳು ಯಾವ ತಕರಾರೂ ಇಲ್ಲದೆ ನಡೆಯಿತು. ಬಂದವರಿಗೆಲ್ಲ ಚಿಕ್ಕಪ್ಪ, “ನಮ್ಮ ಹುಡುಗಿ ಮಾಡಿದ್ದು” ಎಂದು ತೋರಿಸುತ್ತಿದ್ದರು.

ದೀಪಾವಳಿ ರಜೆಗೆ ಹೋದಾಗ ನಾನು ಮತ್ತೆ ಸುಮ್ಮನಿರಲಿಲ್ಲ. ಅವರ ಬ್ರಾಡ್‌ಬ್ಯಾಂಡಿನಲ್ಲಿ ಆಗ ನಡುರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡ್ ಉಚಿತವಾಗಿತ್ತು. ಹೊರಡುವ ಹಿಂದಿನ ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು, ಬಾಕಿ ಇದ್ದ ಅಪ್‌ಡೇಟ್‌ಗಳನ್ನೆಲ್ಲ ಹಾಕಿದೆ. ಹೊಸ ಕರ್ನಲ್ ಕೂಡ ಬಂತು. ರೀಸ್ಟಾರ್ಟ್ ಮಾಡಿದೆ, ಚೆನ್ನಾಗಿಯೇ ಎದ್ದಿತು. ಇಂಟರ್‌ನೆಟ್ ಬಂತು, ಫೋಟೊಗಳು ತೆರೆದವು. ಆರೂವರೆ ಬಸ್ ಹಿಡಿಯುವ ಆತುರ. ಒಂದು ಸಿ.ಡಿ. ಬರೆದು ನೋಡಬೇಕು ಎಂದು ಹೊಳೆಯಲೇ ಇಲ್ಲ.

ಹತ್ತು ದಿನಗಳ ನಂತರ ಬಂದದ್ದೇ ಈ ಫೋನ್.

“ಟ್ರೇ ಆಚೆ ಬರುತ್ತಾ ಚಿಕ್ಕಪ್ಪ?” ಕೇಳಿದೆ.

“ಬರುತ್ತೆ, ಹೋಗುತ್ತೆ. ಬರೆಯೋಕೆ ಕೊಟ್ಟರೆ ಮಾತ್ರ ಏನೋ ಎರರ್ ಅಂತಾನೆ. ರಿಪೇರಿ ಹುಡುಗ ಬಂದು ನೋಡಿದ. ಲೆನ್ಸ್ ಹೋಗಿದೆ, ಡ್ರೈವೇ ಬದಲಾಯಿಸಬೇಕು ಅಂದ.”

ಆ ಡ್ರೈವಿಗೆ ನಾಲ್ಕು ವರ್ಷ ವಯಸ್ಸಾಗಿತ್ತು. ಧೂಳಿನ ರಸ್ತೆಯ ಪಕ್ಕದ ಅಂಗಡಿ ಬೇರೆ. ಲೆನ್ಸ್ ಹೋಗಿರಬಹುದು ಎಂದು ನನಗೂ ಅನ್ನಿಸಿತು. “ಹಾಗಾದರೆ ಬದಲಾಯಿಸಿಬಿಡಿ ಚಿಕ್ಕಪ್ಪ” ಎಂದು ಹೇಳಿ ಅನ್ನ-ಸಾರಿನ ಕಡೆ ನಡೆದೆ. ಅದು ಯಾವ ಎರರ್ ಎಂದು ನಾನು ಕೇಳಲೇ ಇಲ್ಲ. ಆ ಒಂದು ಪ್ರಶ್ನೆ ಕೇಳದ್ದಕ್ಕೆ ಬಿದ್ದ ದಂಡ 1,150 ರೂಪಾಯಿ.

ಎರಡನೇ ಫೋನ್

ಶುಕ್ರವಾರ ಸಂಜೆ ಮತ್ತೆ ಫೋನ್. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. ಹೊಸ ಡ್ರೈವ್ ಹಾಕಿಸಿದ್ದಾರೆ. ಅದೂ ಬರೆಯುತ್ತಿಲ್ಲ. ಈಗ ರಿಪೇರಿಯವನು, “ಮದರ್‌ಬೋರ್ಡೇ ಹೋಗಿದೆ. ಈ ಮಾಡೆಲ್ ಹೊಸದು ಸಿಗಲ್ಲ, ಸೆಕೆಂಡ್ ಹ್ಯಾಂಡ್ ಹುಡುಕಬೇಕು, ಒಂದು ವಾರ ಬೇಕು” ಅಂದಿದ್ದಾನೆ. ಇತ್ತ ಒಂದು ಮದುವೆಯ ಫೋಟೊಗಳನ್ನು ನಾಲ್ಕು ಸಿ.ಡಿ.ಗಳ ಸೆಟ್ ಮಾಡಿ ಶನಿವಾರವೇ ಕೊಡಬೇಕು. ಮದುಮಗಳ ಅಣ್ಣ ಭಾನುವಾರ ರಾತ್ರಿ ವಿಮಾನ ಹತ್ತುವವರು. ಹೊಸ ಕಂಪ್ಯೂಟರಿನ ಡ್ರೈವ್ ಸಿ.ಡಿ. ಓದುತ್ತದೆ, ಬರೆಯುವುದಿಲ್ಲ. ಬಿಚ್ಚಿ ಅದಲು ಬದಲು ಮಾಡೋಣ ಎಂದರೆ, ಸೀಸನ್ ಮಧ್ಯೆ ಎಡಿಟಿಂಗ್ ಮಷೀನಿನ ಸ್ಕ್ರೂ ಮುಟ್ಟಲು ಚಿಕ್ಕಪ್ಪ ಯಾರಿಗೂ ಬಿಡುವುದಿಲ್ಲ.

“ವಿಂಡೋಸ್‌ನಲ್ಲಿದ್ದಾಗ ವೈರಸ್ ಇತ್ತು ನಿಜ. ಆದರೆ ಸಿ.ಡಿ. ಬರೀತಿತ್ತಲ್ಲಮ್ಮ” ಅಂದರು. ಬೈದಿದ್ದರೆ ವಾಸಿಯಿತ್ತು.

ಆಗ ನನ್ನ ತಲೆ ಸ್ವಲ್ಪ ಓಡಿತು. ಹಳೆಯ ಡ್ರೈವ್ ಒಂದು ಕಂಪನಿಯದು, ಹೊಸದು ಇನ್ನೊಂದರದು. ಎರಡೂ ಒಂದೇ ಥರ ಕೆಡುವುದುಂಟೆ? ಬುಧವಾರ ಕೇಳಬೇಕಿದ್ದ ಪ್ರಶ್ನೆಯನ್ನು ಈಗ ಕೇಳಿದೆ. “ಚಿಕ್ಕಪ್ಪ, ಎರರ್ ಏನು ಅಂತ ಒಂದೊಂದೇ ಅಕ್ಷರ ಓದಿ.”

ಅವರು ನಿಧಾನವಾಗಿ ಓದಿದರು: “ನೋ ಸಚ್ ಫೈಲ್ ಆರ್ ಡೈರೆಕ್ಟರಿ.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಡ್ರೈವಿನ ಲೆನ್ಸ್ ಹೋಗಿದ್ದರೆ ಅದು ಹೀಗೆ ಹೇಳುವುದಿಲ್ಲ. ‘ಓದಲು ಆಗುತ್ತಿಲ್ಲ’, ‘ಡಿಸ್ಕ್ ಕಾಣುತ್ತಿಲ್ಲ’ ಎಂದೇನೋ ಹೇಳುತ್ತದೆ. ಇಲ್ಲಿ ಕಂಪ್ಯೂಟರ್ ಹೇಳುತ್ತಿರುವುದು ‘ನೀನು ಕೇಳಿದ ಹೆಸರಿನವರು ಯಾರೂ ಇಲ್ಲಿಲ್ಲ’ ಎಂದು. ಕೆಟ್ಟಿದೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆಯಲ್ಲ.

“ಬೇಸಿಗೆಯಲ್ಲಿ ಲಿನಕ್ಸ್ ಹಾಕಿದ ಡಿಸ್ಕ್ ಮೇಜಿನ ಡ್ರಾಯರಿನಲ್ಲಿದೆ. ಅದನ್ನ ಡ್ರೈವಿಗೆ ಹಾಕಿ ರೀಸ್ಟಾರ್ಟ್ ಮಾಡಿ.”

ಎರಡು ನಿಮಿಷ ಬಿಟ್ಟು, “ಅರೆ, ನಿನ್ನ ಪೆಂಗ್ವಿನ್ ಬಂತಲ್ಲೇ!” ಅಂದರು. ಅಂದರೆ ಕಂಪ್ಯೂಟರ್ ಆ ಸಿ.ಡಿ.ಯಿಂದಲೇ ಶುರುವಾಗಿತ್ತು. ಸತ್ತಿದೆ ಎನ್ನಲಾದ ದಾರಿಯಲ್ಲೇ ಅಷ್ಟು ಮಾಹಿತಿ ಹರಿದು ಬಂದಿತ್ತು. ಡ್ರೈವ್ ಸರಿ, ವೈರು ಸರಿ, ಮದರ್‌ಬೋರ್ಡೂ ಸರಿ.

ಹಾಗಾದರೆ ಬದಲಾಗಿದ್ದೇನು? ಹತ್ತು ದಿನದ ಹಿಂದೆ ಬೆಳಗಿನ ಜಾವ ನಾನು ಹಾಕಿದ ಕರ್ನಲ್ ಒಂದೇ. ಒಳ್ಳೆಯ ಸಂಗತಿ ಎಂದರೆ, ಲಿನಕ್ಸ್‌ನಲ್ಲಿ ಹೊಸ ಕರ್ನಲ್ ಬಂದರೂ ಸಾಮಾನ್ಯವಾಗಿ ಹಳೆಯದು ಹಾಗೆಯೇ ಉಳಿದಿರುತ್ತದೆ. ಕಂಪ್ಯೂಟರ್ ಶುರುವಾಗುವಾಗ ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ. ಮೊದಲ ಸಾಲು ಹೊಸದು, ಕೆಳಗಿನದು ಹಳೆಯದು. “ಡಿಸ್ಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಕಪ್ಪು ಪರದೆ ಬಂದ ತಕ್ಷಣ ಕೆಳಗಿನ ಬಾಣದ ಕೀ ಒತ್ತಿ. ಹಳೇ ನಂಬರಿರೋ ಸಾಲಿಗೆ ಬಂದು ಎಂಟರ್ ಕೊಡಿ” ಅಂದೆ. ಮೊದಲ ಸಲ ತಪ್ಪಿಹೋಯಿತು. ಎರಡನೇ ಸಲ ಸಿಕ್ಕಿತು. ಖಾಲಿ ಸಿ.ಡಿ. ಹಾಕಿ, ಚಿಹ್ನೆ ಒತ್ತಿಸಿದೆ.

ಫೋನಿನಲ್ಲೇ ಡ್ರೈವ್ ಗಿರ್ರ್ ಎಂದು ತಿರುಗುವ ಸದ್ದು ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ನಾನು ಈಚೆಗೆ ಕೇಳಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ನಾಲ್ಕನೇ ಸಿ.ಡಿ. ಮುಗಿಯಿತು.

ಹಳೇ ನಂಬರು, ಹೊಸ ನಂಬರು

ಕೆಲಸವಾಯಿತು, ಸರಿ. ಆದರೆ ಕಾರಣ ಗೊತ್ತಾಗದೆ ನನಗೆ ನಿದ್ದೆ ಬರಲಿಲ್ಲ. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಊರಿಗೆ ಹೊರಟೆ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ನಾವು ಬಳಸುವ ಪ್ರೋಗ್ರಾಂಗಳು ಹಾರ್ಡ್‌ವೇರನ್ನು ನೇರವಾಗಿ ಮುಟ್ಟುವುದಿಲ್ಲ. ಕರ್ನಲ್ಲಿಗೆ ಹೇಳುತ್ತವೆ, ಅದು ಹಾರ್ಡ್‌ವೇರಿಗೆ ಹೇಳುತ್ತದೆ. ಇದಕ್ಕಾಗಿ ಕರ್ನಲ್ ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು ಕೊಡುತ್ತದೆ. ಪಟ್ಟಿಯಂತಹ ಅಗಲವಾದ ಐಡಿಇ ವೈರಿನ ಕಾಲದಲ್ಲಿ ಲಿನಕ್ಸ್ ಕೊಡುತ್ತಿದ್ದ ಹೆಸರುಗಳು ಸರಳ: ಮೊದಲ ವೈರಿನ ಮೊದಲ ಸಾಧನ ಎಚ್‌ಡಿಎ, ಎರಡನೆಯದು ಎಚ್‌ಡಿಬಿ, ಎರಡನೇ ವೈರಿನವು ಎಚ್‌ಡಿಸಿ ಮತ್ತು ಎಚ್‌ಡಿಡಿ. ಚಿಕ್ಕಪ್ಪನ ಸಿ.ಡಿ. ಡ್ರೈವ್ ಎಚ್‌ಡಿಸಿ ಆಗಿತ್ತು. ನನ್ನ ಸ್ಕ್ರಿಪ್ಟಿನಲ್ಲೂ ನಾನು ಹಾಗೆಯೇ ಬರೆದಿದ್ದೆ: ‘ಎಚ್‌ಡಿಸಿಗೆ ಬರೆ’.

ಕಂಪ್ಯೂಟರ್ ಶುರುವಾಗುವಾಗ ಕರ್ನಲ್ ತಾನು ಕಂಡದ್ದನ್ನೆಲ್ಲ ದಿನಚರಿಯಂತೆ ಬರೆದಿಡುತ್ತದೆ. ಡಿಮೆಸೆಜ್ ಎಂಬ ಆದೇಶ ಕೊಟ್ಟರೆ ಅದು ಪರದೆಗೆ ಬರುತ್ತದೆ. ಹಳೆಯ ಕರ್ನಲ್ಲಿನಲ್ಲಿ ನೋಡಿದೆ, ಡ್ರೈವಿನ ಹೆಸರು ಎಚ್‌ಡಿಸಿ. ಹೊಸದರಲ್ಲಿ ನೋಡಿದೆ, ಅದೇ ಡ್ರೈವ್, ಅದೇ ಜಾಗ, ಹೆಸರು ಮಾತ್ರ ಎಸ್‌ಆರ್0.

ನಗರಗಳಲ್ಲಿ ಮನೆ ಮುಂದಿನ ಬೋರ್ಡ್‌ಗಳನ್ನು ನೋಡಿದ್ದೀರಲ್ಲ, ‘ಹಳೇ ನಂ. 14, ಹೊಸ ನಂ. 37’ ಎಂದು? ಇದೂ ಅಷ್ಟೇ. ಮನೆಯೂ ಅದೇ, ಒಳಗಿರುವವರೂ ಅವರೇ. ನಂಬರು ಬದಲಾಗಿದ್ದು ಗೊತ್ತಿಲ್ಲದ ಹೊಸ ಪೋಸ್ಟ್‌ಮ್ಯಾನ್ ಮಾತ್ರ ‘ವಿಳಾಸದಾರರು ಇಲ್ಲ’ ಎಂದು ಷರಾ ಬರೆದು ಕಾಗದವನ್ನು ವಾಪಸ್ ಕಳಿಸುತ್ತಾನೆ. ನನ್ನ ಸ್ಕ್ರಿಪ್ಟ್ ಆ ಪೋಸ್ಟ್‌ಮ್ಯಾನ್. ಅದರ ಷರಾ ಓದಿ ನಾವು ಮನೆಯವರೇ ತೀರಿಕೊಂಡರು ಎಂದು ತಿಳಿದೆವು!

ಕರ್ನಲ್ಲಿಗೇಕೆ ಈ ಹೆಸರು ಬದಲಿಸುವ ಉಸಾಬರಿ? ಓದುತ್ತಾ ಹೋದಂತೆ ಅದಕ್ಕೂ ಕಾರಣ ಸಿಕ್ಕಿತು. ಐಡಿಇ ಸಾಧನಗಳಿಗಾಗಿ ಲಿನಕ್ಸ್‌ನಲ್ಲಿ ಹಳೆಯದೊಂದು ಡ್ರೈವರ್ ವ್ಯವಸ್ಥೆ ಇತ್ತು. ಆಮೇಲೆ ಸಪೂರ ವೈರಿನ ಸಾಟಾ ಬಂದಾಗ ಜೆಫ್ ಗಾರ್ಜಿಕ್ ಎಂಬ ಪ್ರೋಗ್ರಾಮರ್ ಲಿಬ್‌ಎಟಿಎ ಎಂಬ ಹೊಸ ವ್ಯವಸ್ಥೆ ಕಟ್ಟಿದರು. ಒಂದೇ ಬಗೆಯ ಕೆಲಸಕ್ಕೆ ಎರಡು ವ್ಯವಸ್ಥೆ ಯಾಕೆ ಎಂದು ಹಳೆಯ ಐಡಿಇ ಸಾಧನಗಳನ್ನೂ ಹೊಸದರ ಅಡಿಗೆ ತರುವ ಕೆಲಸ ನಡೆಯಿತು. ಅದಕ್ಕೆ ಬೇಕಾದ ಡ್ರೈವರ್‌ಗಳಲ್ಲಿ ಬಹುಪಾಲನ್ನು ಬರೆದವರು ಅಲನ್ ಕಾಕ್ಸ್. ಅವು 2006ರ ನವೆಂಬರಿನಲ್ಲಿ ಬಂದ 2.6.19 ಕರ್ನಲ್ಲಿಗೆ ಸೇರಿದವು. 2007ರ ಮೇ ತಿಂಗಳಲ್ಲಿ ಬಂದ ಫೆಡೋರಾ 7 ಈ ಹೊಸ ದಾರಿ ಹಿಡಿಯಿತು. ಉಳಿದ ಆವೃತ್ತಿಗಳೂ ಒಂದೊಂದಾಗಿ ಹಿಂಬಾಲಿಸಿದವು. ಹೊಸ ವ್ಯವಸ್ಥೆ ಸ್ಕಸಿ ಎಂಬ ಪದರದ ಮೂಲಕ ಕೆಲಸ ಮಾಡುವುದರಿಂದ ಹೆಸರುಗಳೂ ಅಲ್ಲಿಯವೇ. ಹಾರ್ಡ್‌ಡಿಸ್ಕ್‌ಗಳು ಎಸ್‌ಡಿಎ, ಎಸ್‌ಡಿಬಿ ಆದವು, ಸಿ.ಡಿ. ಡ್ರೈವ್‌ಗಳು ಎಸ್‌ಆರ್0, ಎಸ್‌ಆರ್1 ಆದವು.

ತಮಾಷೆಯೆಂದರೆ ಇದು ಮೊದಲ ನಾಮಕರಣವೇನೂ ಅಲ್ಲ. 2.4 ಕರ್ನಲ್ಲಿನ ಕಾಲದಲ್ಲಿ ಸಿ.ಡಿ. ಬರೆಯಬೇಕಾದರೆ ಐಡಿಇ ಡ್ರೈವ್ ಸ್ಕಸಿ ಡ್ರೈವಿನ ವೇಷ ಹಾಕಬೇಕಿತ್ತು. ಆಗ ಅದರ ಹೆಸರು ಎಸ್‌ಆರ್0. 2003ರ ಡಿಸೆಂಬರಿನಲ್ಲಿ 2.6 ಬಂದ ಮೇಲೆ ವೇಷ ಬೇಡವಾಯಿತು, ನೇರವಾಗಿ ಎಚ್‌ಡಿಸಿಗೇ ಬರೆಯಬಹುದಾಯಿತು. ಈಗ ಲಿಬ್‌ಎಟಿಎ ಬಂದು ಮತ್ತೆ ಎಸ್‌ಆರ್0. ಒಂದೇ ಡ್ರೈವ್ ಜೀವಮಾನದಲ್ಲಿ ಎರಡು ಸಲ ಹೆಸರು ಬದಲಿಸಿಕೊಂಡಿರಲು ಸಾಧ್ಯ!

ಹೆಸರು ಬದಲಾದರೆ ಕಂಪ್ಯೂಟರ್ ಶುರುವೇ ಆಗಬಾರದಿತ್ತಲ್ಲ, ಹಾರ್ಡ್‌ಡಿಸ್ಕಿನ ಹೆಸರೂ ಬದಲಾಗಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ತಪ್ಪು ಇರುವುದು ಅಲ್ಲೇ. ಲಿನಕ್ಸ್ ಹಾಕುವಾಗ ಅದರ ಇನ್‌ಸ್ಟಾಲರ್ ಹಾರ್ಡ್‌ಡಿಸ್ಕನ್ನು ಈ ಹೆಸರಿನಿಂದ ಬರೆದುಕೊಂಡಿರಲಿಲ್ಲ. ಡಿಸ್ಕಿನ ಮೇಲೇ ಇರುವ, ಕರ್ನಲ್ ಬದಲಾದರೂ ಬದಲಾಗದ ಗುರುತಿನ ಸಂಖ್ಯೆಯಿಂದ ಬರೆದುಕೊಂಡಿತ್ತು. ಸಿ.ಡಿ. ಡ್ರೈವಿಗೂ ‘ಸಿಡಿರಾಮ್’ ಎಂಬ ಸ್ಥಿರವಾದ ಅಡ್ಡಹೆಸರು ಇತ್ತು. ನಿಜವಾದ ಹೆಸರು ಏನೇ ಆದರೂ ಅದು ಸರಿಯಾದ ಡ್ರೈವಿನತ್ತಲೇ ಬೊಟ್ಟು ಮಾಡುತ್ತದೆ. ಅದನ್ನು ಬಿಟ್ಟು, ಎಲ್ಲ ಗೊತ್ತಿರುವವಳಂತೆ ಎಚ್‌ಡಿಸಿ ಎಂದು ಕೈಯಾರೆ ಬರೆದವಳು ನಾನು. ಇಡೀ ಕಂಪ್ಯೂಟರಿನಲ್ಲಿ ತಪ್ಪಿದ್ದದ್ದು ಒಂದೇ ಸಾಲಿನಲ್ಲಿ, ಅದೂ ನಾನು ಬರೆದ ಸಾಲಿನಲ್ಲಿ. ಎಚ್‌ಡಿಸಿ ಅಳಿಸಿ ಸಿಡಿರಾಮ್ ಎಂದು ಬರೆದೆ. ಹೊಸ ಕರ್ನಲ್ಲಿನಲ್ಲೂ ಸಿ.ಡಿ. ಬರೆಯಿತು.

ನಿಜವಾಗಿ ಕೊಂದದ್ದೂ ಉಂಟು

ಹಾಗೆಂದು ಕರ್ನಲ್ ಯಾವತ್ತೂ ನಿರಪರಾಧಿ, ಡ್ರೈವ್ ಯಾವತ್ತೂ ಗಟ್ಟಿಮುಟ್ಟು ಎಂದುಕೊಳ್ಳಬೇಡಿ. ಚಿಕ್ಕಪ್ಪ ಹೇಳಿದ ಹಾಗೆ ಪೆಂಗ್ವಿನ್ ಸಿ.ಡಿ. ಡ್ರೈವ್ ನುಂಗಿದ ಪ್ರಕರಣ ನಿಜಕ್ಕೂ ನಡೆದಿದೆ.

2003ರ ಅಕ್ಟೋಬರಿನಲ್ಲಿ ಮ್ಯಾಂಡ್ರೇಕ್ ಲಿನಕ್ಸ್ 9.2 ಬಿಡುಗಡೆಯಾಯಿತು. ಫ್ರಾನ್ಸಿನ ಕಂಪನಿಯೊಂದರ ಆವೃತ್ತಿ ಅದು. ಅದನ್ನು ಹಾಕಿಕೊಂಡವರಲ್ಲಿ ಕೆಲವರ ಸಿ.ಡಿ. ಡ್ರೈವ್‌ಗಳು ಸತ್ತೇಹೋದವು. ಬೇರೆ ಕಂಪ್ಯೂಟರಿಗೆ ಹಾಕಿದರೂ ಏಳಲಿಲ್ಲ. ಸತ್ತವೆಲ್ಲ ಎಲ್‌ಜಿ ಕಂಪನಿಯ ಕೆಲವು ಮಾದರಿಗಳು, ಅದೂ ಓದಲು ಮಾತ್ರ ಬರುವಂಥವು.

ಕಾರಣ ಬಹಳ ವಿಚಿತ್ರವಾಗಿತ್ತು. ಸಿ.ಡಿ.ಗಳನ್ನು ಪೆನ್‌ಡ್ರೈವ್ ಥರ ಬೇಕೆಂದಾಗ ಬರೆಯಲು ಅನುಕೂಲವಾಗಲಿ ಎಂದು ಆ ಕರ್ನಲ್ಲಿಗೆ ಹೊಸ ಸೌಲಭ್ಯವೊಂದನ್ನು ಸೇರಿಸಿದ್ದರು. ಅದು ಡ್ರೈವಿಗೆ ‘ನಿನ್ನ ತಾತ್ಕಾಲಿಕ ನೆನಪಿನಲ್ಲಿ ಬರೆಯದೆ ಉಳಿದಿರುವುದನ್ನು ಈಗ ಬರೆದುಬಿಡು’ ಎಂಬ ಆದೇಶ ಕಳಿಸುತ್ತಿತ್ತು. ಇದನ್ನು ಫ್ಲಶ್ ಕ್ಯಾಶ್ ಎನ್ನುತ್ತಾರೆ. ಓದಲು ಮಾತ್ರ ಬರುವ ಡ್ರೈವಿಗೆ ಈ ಆದೇಶ ಬಂದರೆ ಅದು ‘ಇದು ನನಗೆ ತಿಳಿಯದು’ ಎಂದು ಉತ್ತರಿಸಿ ಸುಮ್ಮನಾಗಬೇಕು. ನಿಯಮ ಇರುವುದೇ ಹಾಗೆ. ಆದರೆ ಆ ಡ್ರೈವ್‌ಗಳನ್ನು ಮಾಡಿದವರು, ಓದುವ ಡ್ರೈವಿಗೆ ಈ ಆದೇಶ ಹೇಗೂ ಬೇಕಿಲ್ಲವಲ್ಲ ಎಂದೋ ಏನೋ, ಅದೇ ಆದೇಶವನ್ನು ಫರ್ಮ್‌ವೇರ್ ಬದಲಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ಫರ್ಮ್‌ವೇರ್ ಎಂದರೆ ಡ್ರೈವಿನ ಒಳಗೇ ಇರುವ, ಅದನ್ನು ನಡೆಸುವ ಪ್ರೋಗ್ರಾಂ. ಕರ್ನಲ್ ‘ಉಳಿದದ್ದನ್ನು ಬರೆ’ ಎಂದಿತು. ಡ್ರೈವಿಗೆ ‘ನಿನ್ನ ಮೆದುಳನ್ನೇ ಬದಲಿಸಿಕೋ’ ಎಂದು ಕೇಳಿಸಿತು. ಅಲ್ಲಿಗೆ ಕಥೆ ಮುಗಿಯಿತು.

ಮ್ಯಾಂಡ್ರೇಕ್‌ನವರು ಆ ತೊಂದರೆ ತೆಗೆದ ಕರ್ನಲ್ ಹೊರತಂದರು. ಎಲ್‌ಜಿ ತನ್ನ ಡ್ರೈವ್‌ಗಳಿಗೆ ತಿದ್ದಿದ ಫರ್ಮ್‌ವೇರ್ ಕೊಟ್ಟಿತು. ತಪ್ಪು ಯಾರದು? ನಿಯಮದ ಪುಸ್ತಕ ಹಿಡಿದು ನೋಡಿದರೆ ಡ್ರೈವಿನದೇ. ಆದರೆ ಮನೆಯಲ್ಲಿ ಕುಳಿತು ಲಿನಕ್ಸ್ ಹಾಕಿದವನಿಗೆ ಕಂಡದ್ದು ಒಂದೇ: ನಿನ್ನೆ ಚೆನ್ನಾಗಿತ್ತು, ಇವತ್ತು ಇಲ್ಲ.

ಇದರ ಮರುವರ್ಷ ಇನ್ನೊಂದು ಪ್ರಸಂಗ. 2004ರ ಆಗಸ್ಟಿನಲ್ಲಿ 2.6.8 ಕರ್ನಲ್ ಬಂದಾಗ, ಹಿಂದಿನ ದಿನದವರೆಗೆ ಆರಾಮಾಗಿ ಸಿ.ಡಿ. ಬರೆಯುತ್ತಿದ್ದ ಎಷ್ಟೋ ಜನರಿಗೆ ದಿಢೀರನೆ ಬರೆಯಲು ಆಗದಾಯಿತು. ಆದರೆ ರೂಟ್, ಅಂದರೆ ಸಿಸ್ಟಂನ ಯಜಮಾನನಾಗಿ ಲಾಗಿನ್ ಆದರೆ ಬರೆಯಬಹುದಿತ್ತು! ಅದುವರೆಗೆ ಡ್ರೈವನ್ನು ತೆರೆಯಲು ಅನುಮತಿ ಇದ್ದ ಯಾವ ಬಳಕೆದಾರ ಬೇಕಾದರೂ ಅದಕ್ಕೆ ಎಂಥ ಆದೇಶವನ್ನಾದರೂ ಕಳಿಸಬಹುದಿತ್ತು. ಫರ್ಮ್‌ವೇರ್ ಅಳಿಸುವ ಆದೇಶವನ್ನೂ! ಇದು ಅಪಾಯ ಎಂದು ಹೊಸ ಕರ್ನಲ್ಲಿನಲ್ಲಿ ಒಂದು ಜರಡಿ ಇಟ್ಟರು. ನಿರಪಾಯ ಎಂದು ಗೊತ್ತಿರುವ ಆದೇಶಗಳು ಮಾತ್ರ ಸಾಮಾನ್ಯ ಬಳಕೆದಾರನಿಂದ ದಾಟಿಹೋಗಬೇಕು. ಸಿ.ಡಿ. ಬರೆಯಲು ಬೇಕಾದ ಕೆಲವು ಆದೇಶಗಳೂ ಆ ಜರಡಿಯಲ್ಲಿ ಸಿಕ್ಕಿಕೊಂಡವು. ಮುಂದಿನ ಆವೃತ್ತಿಗಳಲ್ಲಿ ಜರಡಿಯ ಕಣ್ಣುಗಳನ್ನು ಸರಿಮಾಡಿದರು.

ಮೂರೂ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಳಕೆದಾರನಿಗೆ ಕಾಣುವ ಲಕ್ಷಣ ಒಂದೇ: ‘ಕರ್ನಲ್ ಬದಲಿಸಿದೆ, ಸಿ.ಡಿ. ಡ್ರೈವ್ ಹೋಯಿತು’. ಕಾರಣ ಮಾತ್ರ ಮೂರು. ಒಂದರಲ್ಲಿ ಹೆಸರು ಬದಲಾಗಿತ್ತು, ಇನ್ನೊಂದರಲ್ಲಿ ಅನುಮತಿ ಬದಲಾಗಿತ್ತು, ಮತ್ತೊಂದರಲ್ಲಿ ಡ್ರೈವ್ ನಿಜವಾಗಿಯೂ ಸತ್ತಿತ್ತು. ಜ್ವರ ಎಂದ ತಕ್ಷಣ ಎಲ್ಲರಿಗೂ ಒಂದೇ ಮಾತ್ರೆ ಕೊಡುವ ಹಾಗಿಲ್ಲ.

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲೂ ನಾವು ಮಾಡುವುದು ಇದೇ ತಪ್ಪು. ಸಿಆರ್‌ಓ ಪರದೆಯ ಮೇಲೆ ಅಲೆ ಬರಲಿಲ್ಲ ಎಂದರೆ ಮೊದಲು ಐಸಿ ಕಿತ್ತು ಹೊಸದನ್ನು ಕೇಳುತ್ತೇವೆ. ಅದೂ ಆಗಲಿಲ್ಲ ಎಂದರೆ ಬ್ರೆಡ್‌ಬೋರ್ಡ್ ಸರಿಯಿಲ್ಲ ಎನ್ನುತ್ತೇವೆ. ಕೊನೆಗೆ ನೋಡಿದರೆ ಗ್ರೌಂಡ್ ವೈರನ್ನೇ ಚುಚ್ಚಿರುವುದಿಲ್ಲ. ರಿಪೇರಿ ಹುಡುಗನನ್ನು ನಾನು ಯಾವ ಬಾಯಿಂದ ಬೈಯಲಿ? ಅವನಿಗೆ ಲಿನಕ್ಸ್ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೂ ನಾನು ಅವನಷ್ಟೇ ಬೇಗ ತೀರ್ಪು ಕೊಟ್ಟೆ.

ನಿಮಗೂ ಹೀಗಾದರೆ, ಅಂಗಡಿಗೆ ಓಡುವ ಮೊದಲು ನಾಲ್ಕು ಕೆಲಸ ಮಾಡಿ. ಎರರ್ ಏನೆಂದು ಪೂರ್ತಿ ಓದಿ, ಬರೆದಿಟ್ಟುಕೊಳ್ಳಿ. ಟ್ರೇ ಹೊರಗೆ ಬರುತ್ತದೆ ಎಂದ ಮಾತ್ರಕ್ಕೆ ಡ್ರೈವ್ ಸರಿ ಇದೆ ಎಂದಲ್ಲ, ಕರೆಂಟ್ ಬರುತ್ತಿದೆ ಎಂದಷ್ಟೇ. ಆದ್ದರಿಂದ ಬೂಟ್ ಆಗುವ ಒಂದು ಸಿ.ಡಿ. ಹಾಕಿ ಕಂಪ್ಯೂಟರ್ ಶುರುಮಾಡಿ. ಶುರುವಾದರೆ ವೈರ್, ಬೋರ್ಡ್‌ಗಳ ಮೇಲೆ ಅನುಮಾನ ಬೇಡ. ಹಳೆಯ ಕರ್ನಲ್ಲಿಗೆ ಹೋಗಿ ನೋಡಿ. ಅಲ್ಲಿ ನಡೆದರೆ ದೋಷ ಸಾಫ್ಟ್‌ವೇರಿನದು. ಕೊನೆಗೆ ಡಿಮೆಸೆಜ್ ಓದಿ, ಕರ್ನಲ್ ನಿಮ್ಮ ಡ್ರೈವನ್ನು ಈಗ ಏನೆಂದು ಕರೆಯುತ್ತಿದೆ ನೋಡಿ. ಇಷ್ಟಕ್ಕೂ ಅರ್ಧ ಗಂಟೆ ಸಾಕು, ಒಂದು ಪೈಸೆ ಖರ್ಚಿಲ್ಲ.

ಒಪ್ಪಿಕೊಂಡ ದಿನ

ಶನಿವಾರ ಮಧ್ಯಾಹ್ನ ಸಿ.ಡಿ. ಸೆಟ್ ತೆಗೆದುಕೊಂಡು ಹೋಗಲು ಮದುವೆ ಮನೆಯವರು ಬಂದರು. ಅವರು ಹೋದ ಮೇಲೆ ಸ್ಟುಡಿಯೊದಲ್ಲಿ ನಾವಿಬ್ಬರೇ. ‘ಹೊಸ ಕರ್ನಲ್‌ನಿಂದ ಹೀಗಾಯಿತು’ ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಚಿಕ್ಕಪ್ಪನಿಗೆ ಅದರ ಹಿಂದೆ ಮುಂದೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಹಳೆಯ ಡ್ರೈವ್ ಕೌಂಟರಿನ ಮೇಲೆ ಪೇಪರಿನಲ್ಲಿ ಸುತ್ತಿ ಕೂತಿತ್ತು. ಅದನ್ನು ನೋಡುತ್ತಾ ನೋಡುತ್ತಾ ಬಾಯಿಬಿಟ್ಟೆ.

“ಚಿಕ್ಕಪ್ಪ, ಡ್ರೈವ್ ಚೆನ್ನಾಗಿಯೇ ಇತ್ತು. ನಾನು ಬರೆದ ಒಂದು ಸಾಲು ತಪ್ಪಿತ್ತು. ಆವತ್ತು ಹೋಗೋ ಮುಂಚೆ ಒಂದು ಸಿ.ಡಿ. ಬರೆದು ನೋಡಿದ್ದರೆ ಅಲ್ಲೇ ಗೊತ್ತಾಗ್ತಿತ್ತು. ಹೊಸ ಡ್ರೈವಿನ ದುಡ್ಡು ನಾನು ಕೊಡ್ತೀನಿ.”

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕ್ಯಾಮೆರಾದ ಲೆನ್ಸ್ ಒರೆಸುತ್ತಾ ಕುಳಿತಿದ್ದರು. ಆಮೇಲೆ ಅಂದರು: “ನಾನು ಈ ಕೆಲಸ ಕಲಿತ ಕಾಲದಲ್ಲಿ ರೀಲು ಇತ್ತು. ಮೊದಲನೇ ಮದುವೆಯಲ್ಲಿ ರೀಲು ಸರಿಯಾಗಿ ಸಿಕ್ಕಿಸದೆ 36 ಫೋಟೊ ಹೊಡೆದೆ. ಒಂದೂ ಬಿದ್ದಿರಲಿಲ್ಲ. ಕ್ಯಾಮೆರಾ ಕೆಟ್ಟಿತ್ತು ಅಂತ ನಮ್ಮ ಯಜಮಾನರಿಗೆ ಹೇಳಿದೆ. ಅವರು ಪಾಪ ಅದನ್ನ ಮೈಸೂರಿಗೆ ರಿಪೇರಿಗೆ ಕಳಿಸಿದರು.”

“ಆಮೇಲೆ ನಿಜ ಹೇಳಿದ್ರಾ?”

“ಇಲ್ಲ” ಅಂದರು. “ಅದಕ್ಕೇ ಇನ್ನೂ ನೆನಪಿದೆ.”

ದುಡ್ಡಿನ ವಿಷಯದಲ್ಲಿ ಅವರು ದೊಡ್ಡತನವನ್ನೇನೂ ತೋರಿಸಲಿಲ್ಲ. ರಜೆಯಲ್ಲಿ ಮದುವೆಗಳಿಗೆ ಅವರ ಜೊತೆ ಹೋಗಿ ಲೈಟ್ ಹಿಡಿದರೆ ನನಗೆ ದಿನಕ್ಕಿಷ್ಟು ಎಂದು ಕೊಡುತ್ತಾರೆ. ಅದರಲ್ಲಿ ಅರ್ಧ ಮುರಿದುಕೊಳ್ಳುವುದಾಗಿ ಹೇಳಿದರು. ಇನ್ನರ್ಧ ಅವರ ಲೆಕ್ಕಕ್ಕೆ. ವಿಚಾರಿಸದೆ ಕೊಂಡದ್ದು ತಮ್ಮ ತಪ್ಪಂತೆ. ಅಂಗಡಿಯವನು ಹೊಸ ಡ್ರೈವ್ ವಾಪಸ್ ತೆಗೆದುಕೊಳ್ಳಲಿಲ್ಲ. ಸೀಸನ್ ಮುಗಿದ ಮೇಲೆ ಅದನ್ನು ಎಡಿಟಿಂಗ್ ಮಷೀನಿಗೆ ಹಾಕುವುದು ಎಂದಾಯಿತು. ಹಳೆಯ ಡ್ರೈವನ್ನು ಪೇಪರಿನಿಂದ ಬಿಡಿಸಿ ನಾನೇ ಅದರ ಜಾಗದಲ್ಲಿ ಕೂರಿಸಿದೆ. ಲೆನ್ಸ್ ಹೋಗಿದೆ ಅನ್ನಿಸಿಕೊಂಡ ಅದು ಇವತ್ತಿಗೂ ಸಿ.ಡಿ. ಬರೆಯುತ್ತಿದೆ.

ಈಗ ಸ್ಟುಡಿಯೊದಲ್ಲಿ ಒಂದು ನಿಯಮ ಬಂದಿದೆ. ಅಪ್‌ಡೇಟ್ ಹಾಕಿದ ದಿನ ಚಿಕ್ಕಪ್ಪನ ಕಣ್ಣೆದುರೇ ಒಂದು ಸಿ.ಡಿ. ಬರೆದು, ಪಕ್ಕದ ಕಂಪ್ಯೂಟರಿನಲ್ಲಿ ತೆರೆದು ತೋರಿಸಬೇಕು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆದು ಡ್ರಾಯರಿನಲ್ಲಿಡಬೇಕು. ಆಮೇಲೆಯೇ ಬಸ್ಸು. ಕಳೆದ ಸಲ ಆರೂವರೆ ಬಸ್ ತಪ್ಪಿತು, ಎಂಟರ ಬಸ್ಸಿಗೆ ಹೋದೆ. ಡ್ರಾಯರಿನಲ್ಲಿ ಈಗ ಅಂಥ ಮೂರು ಸಿ.ಡಿ.ಗಳಿವೆ.